ಟವೆಲ್ ಹಾಸಿಟ್ಟ ಕುರ್ಚಿ

ಪೀಣ್ಯದ ನಮ್ಮ ಕಾರ್ಮಿಕ ಸಂಘದ ಹಾಲಿನಲ್ಲಿ ವರ್ಷಕ್ಕೊಮ್ಮೆ, ಭಾನುವಾರ ಮಧ್ಯಾಹ್ನ ಮೂರಕ್ಕೆ, ಪ್ರತಿ ಸಲವೂ ಅದೇ ಒಂದು ಚಿತ್ರ ತೋರಿಸುತ್ತಾರೆ. ತುಂಬಾ ಹಳೆಯದು, ಮಾತಿಲ್ಲದ್ದು. ಮುಂದೆಂದೋ ಬರುವ ಒಂದು ನಗರ; ಅದರ ನೆಲದಡಿಯಲ್ಲಿ ಯಂತ್ರಗಳು; ಪಾಳಿ ಬದಲಾದಾಗ ತಲೆ ತಗ್ಗಿಸಿ ಸಾಲಾಗಿ ಇಳಿಯುವ ಜನ. ತಗಡು ಒತ್ತಿ ಬಿಡಿಭಾಗ ಮಾಡುವ ಪ್ರೆಸ್ ಶಾಪಿನಲ್ಲಿ ದುಡಿದ ನಮ್ಮಲ್ಲಿ ಅರ್ಧ ಮಂದಿಗೆ ಕಿವಿ ಹೋಗಿದೆ. ಬೇರೆ ಚಿತ್ರವಾದರೆ ಪಕ್ಕದವರನ್ನು ತಿವಿದು ಕೇಳಬೇಕು. ಇದಕ್ಕೆ ಆ ಗೋಜಿಲ್ಲ.

ನಾನು ಎರಡೂಮುಕ್ಕಾಲಿಗೆ ಹೋಗುತ್ತೇನೆ. ಅಷ್ಟರಲ್ಲಿ ನನ್ನ ಕುರ್ಚಿಯ ಮೇಲೆ ಟವೆಲ್ ಹಾಸಿ ಕಾದಿರುತ್ತಾನೆ, ನನ್ನ ಪಾಳಿಯಲ್ಲಿ ಪ್ರೆಸ್ ನಡೆಸುತ್ತಿದ್ದವನು. ನಾನಾಗ ಸೂಪರ್‌ವೈಸರ್. ಅವನ ಎಡಗೈಯಲ್ಲಿ ಉಳಿದಿರುವುದು ಮೂರು ಬೆರಳು.

ಪ್ರೆಸ್ಸಿಗೆ ಎರಡು ಗುಂಡಿ. ಎರಡನ್ನೂ ಎರಡು ಕೈಯಿಂದ ಒತ್ತಿದರೆ ಮಾತ್ರ ಮೇಲಿನ ಭಾರ ಕೆಳಗಿಳಿಯಬೇಕು. ಆಗ ಯಾವ ಕೈಯೂ ಅದರ ಅಡಿಯಲ್ಲಿ ಇರುವುದಿಲ್ಲ. ಒಂದು ದಿನ ಟೀ ಬಿಡುವಿನಲ್ಲಿ ನಾನೊಬ್ಬನೇ ಅಚ್ಚು ಕೂರಿಸುತ್ತಿದ್ದೆ. ಅಚ್ಚು ಹಿಡಿಯಲು ಒಂದು ಕೈ ಬೇಕಾಗಿ, ಎಡಗುಂಡಿ ಒತ್ತಿಕೊಂಡೇ ಇರುವಂತೆ ಮರದ ಚೂರೊಂದನ್ನು ಸಿಕ್ಕಿಸಿದೆ. ತೆಗೆಯುವುದು ಮರೆತೆ. ಸೈರನ್ ಆಯಿತು. ಅವನು ಬಂದು ಎಂದಿನಂತೆ ಎಡಗೈಯಲ್ಲಿ ತಗಡು ಸರಿಪಡಿಸುತ್ತಲೇ ಬಲಗುಂಡಿಯ ಮೇಲೆ ಕೈಯಿಟ್ಟ.

‘ಕೆಲಸಗಾರನ ಅಜಾಗರೂಕತೆ’ ಎಂದು ವರದಿಯಲ್ಲಿ ಬರೆದವನು ನಾನೇ. ಅವನು ಸಹಿ ಹಾಕಿದ.

ಈ ವರ್ಷ ಚಿತ್ರದಲ್ಲಿ ಆ ಭಾಗ ಬಂದಾಗ, ಬೃಹತ್ ಯಂತ್ರದ ಮುಂದೆ ಒಬ್ಬ ಎರಡೂ ತೋಳು ಬಡಿಯುತ್ತ ಒದ್ದಾಡುವಾಗ, ಪಕ್ಕದಲ್ಲಿ ಏನೋ ಅಲುಗಿತು. ಇವನ ಎರಡೂ ಕೈ ಮೊಣಕಾಲಿನಿಂದ ಮೇಲೆದ್ದು ಕೆಳಗೆ ಬಂದವು. ಮತ್ತೆ ಎದ್ದವು, ಮತ್ತೆ ಬಂದವು. ನಮ್ಮ ಪ್ರೆಸ್ಸಿನದೇ ಲಯ. ಹಾಲಿನಲ್ಲಿ ಸದ್ದೇ ಇರಲಿಲ್ಲ. ಆದರೂ ಕೇಳದ ನನ್ನ ಕಿವಿಯಲ್ಲಿ ಧಡ್, ಧಡ್. ಪರದೆಯ ಬೆಳಕು ಮಿಣುಕುತ್ತಿತ್ತು. ಅವನ ಎಡಗೈ ನೋಡಿದೆ. ಐದು ಬೆರಳು ಕಂಡವು. ಮತ್ತೆ ಎಣಿಸಿದೆ. ಐದೇ.

ಇನ್ನು ತಡೆಯಲಾಗಲಿಲ್ಲ. ಅವನ ಭುಜ ತಟ್ಟಿ, ಬೆಳಕು ನನ್ನ ಮುಖಕ್ಕೆ ಬೀಳುವಂತೆ ತಿರುಗಿ, ಶಾಪಿನಲ್ಲಿ ಆ ಗದ್ದಲದ ನಡುವೆ ಮಾತಾಡುತ್ತಿದ್ದ ಹಾಗೆ ಬರಿ ತುಟಿ ಆಡಿಸಿದೆ: “ಮರದ ಚೂರು ಇಟ್ಟಿದ್ದು ನಾನು ಕಣಯ್ಯಾ. ತೆಗೆಯೋದು ಮರ್ತೆ.”

ಅವನು ನನ್ನ ತುಟಿಯನ್ನೇ ನೋಡಿದ. ಆಮೇಲೆ ಅವನ ತುಟಿ ಅಲುಗಿತು.

“ಗೊತ್ತು ಸಾರ್. ನಾನ್ ಬಿದ್ದಿದ್ದಾಗ ನೀವು ಅದನ್ನ ಕಿತ್ತು ಜೇಬಿಗೆ ಹಾಕ್ಕೊಂಡ್ರಲ್ಲ, ನೋಡಿದ್ದೆ.”

“ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?”

ಅವನು ನಕ್ಕ. “ಸುಮ್ನೆ ಎಲ್ಲಿದ್ದೆ? ವರ್ಷಾ ವರ್ಷಾ ಈ ಚಿತ್ರಕ್ಕೆ ನಿಮ್ಗೆ ಸೀಟು ಹಿಡೀತಾ ಇದ್ದೆನಲ್ಲ ಸಾರ್.”

ಪರದೆಯ ಕಡೆ ತಿರುಗಿಕೊಂಡ. ಕೈಗಳು ಮತ್ತೆ ಎದ್ದವು.