ಜಿಂಕೆ ಓಡಿಸಿದ ಸರಸಮ್ಮ

ಸರಸಮ್ಮನ ಪಾಲಿಗೆ ಜಿಂಕೆ ಎಂದರೆ ಕಳ್ಳ. ಐ.ಡಿ. ಹಳ್ಳಿ ಕಡೆಯ ಊರಿಗೆ ಸೊಸೆಯಾಗಿ ಬಂದ ವರ್ಷವೇ ಅತ್ತೆ ಅವಳನ್ನು ಕಡಲೆಕಾಯಿ ಹೊಲದ ಅಟ್ಟಣೆ ಹತ್ತಿಸಿ, "ತಟ್ಟಕ್ಕೆ ಡಬ್ಬ ಐತೆ, ಕೂಗಕ್ಕೆ ಬಾಯೈತೆ" ಎಂದು ಹೇಳಿ ಹೋಗಿದ್ದರು. ಡಬ್ಬ ತುಕ್ಕು ಹಿಡಿದು ತೂತಾಯಿತು. ಬಾಯಿ ಮಾತ್ರ ವರ್ಷ ಕಳೆದಂತೆ ಪಳಗಿತು. "ಹೋ... ಹೋಹೋಯ್!" ಎಂದು ಅವಳು ಒಂದು ಕೂಗು ಹಾಕಿದರೆ ಪಕ್ಕದ ಹೊಲದ ಗಿಳಿಗಳೂ ಏಳುತ್ತಿದ್ದವು.

ಗಂಡ ಹೋದ ಮೇಲೆ ಹೊಲವನ್ನು ಮೈದುನನಿಗೆ ಒಪ್ಪಿಸಿ ಮಧುಗಿರಿಯಲ್ಲಿ ಮಗ ರಂಗಸ್ವಾಮಿಯ ಮನೆ ಸೇರಿದಳು. ಗ್ಯಾರೇಜು ಇಟ್ಟುಕೊಂಡಿದ್ದ ಅವನಿಗೆ ಒಂದು ಹಟ. "ಊಟಿ, ಮೈಸೂರು ಎಲ್ಲ ಆಮೇಲೆ. ಮನೆ ಬಾಗ್ಲಲ್ಲಿರೋದು ಮೊದ್ಲು ನೋಡಾನ" ಎಂದು ಭಾನುವಾರ ಬಂತೆಂದರೆ ಹಳೇ ಕಾರಿನಲ್ಲಿ ಎಲ್ಲರನ್ನೂ ತುಂಬಿಕೊಂಡು ಹೊರಡುತ್ತಿದ್ದ. ಮಧುಗಿರಿ ಕೋಟೆಯ ಮೊದಲ ಬಾಗಿಲ ತನಕ ಸರಸಮ್ಮ ಹತ್ತಿದಳು. ಸಿದ್ದರಬೆಟ್ಟದಲ್ಲಿ ಅರ್ಧ ದಾರಿಗೇ ಬಂಡೆಯ ನೆರಳು ನೋಡಿ ಕೂತುಬಿಟ್ಟಳು. ಉಳಿದವರು ಗವಿ ನೋಡಿಕೊಂಡು ಇಳಿದು ಬರುವಷ್ಟರಲ್ಲಿ ತಾವರೆಕೆರೆಯ ಒಂದು ಸಂಸಾರದ ಮೂರು ತಲೆಮಾರಿನ ಕಷ್ಟಸುಖ ಅವಳಿಗೆ ಗೊತ್ತಾಗಿತ್ತು. ಅದಕ್ಕೇ ಮೊಮ್ಮಗಳು ಅನುಷಾ ಹೇಳುವುದು: "ನಮ್ಮಜ್ಜಿ ಬೆಟ್ಟ ನೋಡಲ್ಲ, ಜನ ಕೇಳ್ತಾಳೆ."

ಮೈದನಹಳ್ಳಿಯ ಕೃಷ್ಣಮೃಗ ಧಾಮಕ್ಕೆ ಹೊರಟ ದಿನ ಮಾತ್ರ ಅನುಷಾ ಕಾರಿನಲ್ಲೇ ಕರಾರು ಹಾಕಿದಳು. ಹಿಂದೆ ಎರಡು ಸಲ ಅಪ್ಪ ಅಮ್ಮನ ಜೊತೆ ಬಂದಾಗ ಅವಳಿಗೆ ಕಂಡದ್ದು ಬರೀ ಹಿಕ್ಕೆ. ಒಂದು ಸಲ ಮಳೆ, ಇನ್ನೊಂದು ಸಲ ಯಾರದೋ ಸ್ಪೀಕರಿನ ಗಲಾಟೆ.

"ಅಜ್ಜಿ, ಅಲ್ಲಿ ಮಾತಾಡಂಗಿಲ್ಲ. ಪ್ರಾಮಿಸ್ ಮಾಡು."

"ಮಾಡ್ದೆ ಕಣಮ್ಮ. ತುಟಿ ಪಿಟಕ್ ಅನ್ನಕ್ಕಿಲ್ಲ."

ಸೊಸೆ ವನಜಾಕ್ಷಿ ಮುಂದಿನ ಸೀಟಿನಿಂದಲೇ ನಕ್ಕಳು. "ಬಸ್‌ಸ್ಟ್ಯಾಂಡಲ್ಲಿ ಗುರುತಿಲ್ಲದೋರ ಮಗಳ ಬಾಣಂತನದವರೆಗೂ ವಿಚಾರಿಸ್ಕಂಡು ಬರೋರು ನೀವು. ಸುಮ್ಕಿರ್ತೀರ, ಅತ್ತೆ?"

"ನಾನೆಲ್ಲಿ ಮಾತಾಡ್ತೀನವ್ವ? ಅವ್ರು ಹೇಳ್ತಾರೆ, ನಾನು ಹೂಂಗುಡ್ತೀನಿ."

ಧಾಮದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಹುಲ್ಲು. ಪೊದೆಯೊಂದರ ಮರೆಯಲ್ಲಿ ನಾಲ್ವರೂ ಕೂತರು. ಸರಸಮ್ಮ ನಿಜಕ್ಕೂ ಉಸಿರೆತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಹುಲ್ಲಿನಾಚೆ ತಿರುಚಿದ ಕೊಂಬೊಂದು ಎದ್ದಿತು, ಅದರ ಹಿಂದೆ ಒಂದು ಹಿಂಡು. ಅನುಷಾ ಬಾಯಿ ತೆರೆದು ನೋಡುತ್ತಿದ್ದಳು. ಹಿಂಡು ತಲೆ ಬಗ್ಗಿಸಿ ಮೇಯತೊಡಗಿದ್ದೇ ತಡ, ಸರಸಮ್ಮನ ಕಣ್ಣಿಗೆ ಎದುರಿದ್ದ ಹುಲ್ಲೆಲ್ಲ ಕಡಲೆಕಾಯಿ ಗಿಡವಾಯಿತು. ಮಂಡಿನೋವು ಎಲ್ಲಿ ಹೋಯಿತೋ, ದಡಕ್ಕನೆ ಎದ್ದು ನಿಂತಳು.

"ಹೋ... ಹೋಹೋಯ್!"

ಒಂದು ಜಿಂಕೆಯೂ ಉಳಿಯಲಿಲ್ಲ.

ರಂಗಸ್ವಾಮಿ ತಲೆ ಮೇಲೆ ಕೈ ಹೊತ್ತ. "ಅವ್ವಾ! ಏನ್ ಮಾಡ್ಬುಟ್ಟೆ!"

"ನಾನ್ ಕೂಗ್ಲಿಲ್ಲ ಕಣ್ಲಾ, ಅದೇ ಬಂದ್ಬುಡ್ತು."

ಅನುಷಾ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಜ್ಜಿಗೆ ಬೆನ್ನು ಹಾಕಿ ಕೂತಳು. ಕೋಡುಬಳೆ ಕೊಟ್ಟರೆ ಕೈ ಚಾಚಲಿಲ್ಲ. ಸರಸಮ್ಮನಿಗೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

ಅಷ್ಟರಲ್ಲಿ ಧಾಮದ ಕಾವಲುಗಾರ ಏದುಸಿರು ಬಿಡುತ್ತಾ ಓಡಿ ಬಂದ. ಬಯ್ಯಲೆಂದೇ ಬಂದವನು ಸರಸಮ್ಮನನ್ನು ದಿಟ್ಟಿಸಿ ನಿಂತ.

"ಈ ಕೂಗು ಎಲ್ಲೋ ಕೇಳಿದೀನಲ್ಲ ಅನ್ಕಂಡೆ. ನೀನು ಸರಸಕ್ಕ ಅಲ್ವ? ನಾನಕ್ಕ, ಪರ್ವತಯ್ಯ. ನಿಮ್ ಹೊಲದ ಮಗ್ಗುಲಲ್ಲಿ ಕುರಿ ಬುಡ್ತಿದ್ನಲ್ಲ! ನಿನ್ ಕೂಗಿಗೆ ನನ್ ಕುರಿನೂ ದಿಕ್ಕಾಪಾಲಾಗೋವು."

"ಅಯ್ಯೋ, ಪರ್ವತ! ಮೀಸೆ ಬೆಳ್ಳಗಾಗ್ಬುಟ್ಟೈತಲ್ಲೋ."

"ಆವಾಗ ಓಡ್ಸಿದ್ದು ಸರಿ ಕಣಕ್ಕ, ನಿಮ್ ಹೊಲಕ್ಕೆ ಬರೋವು. ಈವಾಗ ಅವು ಅವುಗಳ ಮನೇಲವೆ, ನೀವೇ ನೆಂಟ್ರು. ನೆಂಟ್ರಾದೋರು ಮನೆಯೋರ್ನೇ ಓಡಿಸ್ತಾರ?"

ವನಜಾಕ್ಷಿ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು. ಅನುಷಾಳ ಬೆನ್ನು ಮಾತ್ರ ಅಲುಗಲಿಲ್ಲ.

"ಇನ್ನೊಂದು ಸಲ ಬತ್ತವಾ?" ಸರಸಮ್ಮ ಮೆಲ್ಲಗೆ ಕೇಳಿದಳು.

"ಹೊತ್ತು ಇಳಿದ ಮೇಲೆ ಬಂದ್ರೂ ಬಂದ್ವು. ಬಾಗ್ಲು ಹಾಕೋಗಂಟ ಕೂತ್ಕೊಳ್ಳಿ. ಆದ್ರೆ ನೀನು..."

"ಕೂತ್ಕೋತೀನಪ್ಪ. ಕಾಯೋದು ನಂಗೆ ಹೊಸ್ದಾ?"

ಸೆರಗಿನ ತುದಿಯನ್ನು ಉಂಡೆ ಕಟ್ಟಿ ಬಾಯಿಗೆ ತುರುಕಿಕೊಂಡಳು. ಬಿಸಿಲು ತಣ್ಣಗಾಯಿತು. ಹಿಂಡು ಬಂತು, ಈ ಸಲ ಇನ್ನೂ ಹತ್ತಿರಕ್ಕೆ. ಸರಸಮ್ಮ ಸೆರಗನ್ನು ಕಚ್ಚಿ ಹಿಡಿದಳು. ಇಷ್ಟು ವರ್ಷ ಅವಳು ಕಂಡಿದ್ದು ಓಡುವ ಜಿಂಕೆಗಳ ಬೆನ್ನು; ಮುಖ ನೋಡಿದ್ದು ಇದೇ ಮೊದಲು. ಕಾಡಿಗೆ ತೀಡಿದಂಥ ಕಣ್ಣು. ಮರಿಯೊಂದು ತಾಯ ಕೆಚ್ಚಲಿಗೆ ಗುದ್ದಿ ಗುದ್ದಿ ಹಾಲು ಕುಡಿಯುತ್ತಿತ್ತು, ಮನೆಯ ಕರುವಿನ ಹಾಗೇ. ತಾಯಿ ಅದರ ಬಾಲದ ಬುಡ ನೆಕ್ಕಿತು. 'ಇಂಥವನ್ನೇ ನಾನು ಬಾಯಿಗೆ ಬಂದಂಗೆ ಬಯ್ದೆನಲ್ಲ' ಅಂದುಕೊಂಡಳು. ಆಮೇಲೆ, ಕಡಲೆಕಾಯಿ ತಿಂದಿದ್ದಂತೂ ಇವೇ ಅನ್ನುವುದೂ ನೆನಪಾಯಿತು.

ಅಂಗೈಗೆ ಪುಟ್ಟ ಕೈಯೊಂದು ಬಂದು ಸೇರಿತು. ಅನುಷಾ ಯಾವಾಗಲೋ ಪಕ್ಕಕ್ಕೆ ಸರಿದು ಕೂತಿದ್ದಳು. ಮರಿ ಹಾಲು ಬಿಟ್ಟು, ಯಾವ ಕಾರಣವೂ ಇಲ್ಲದೆ, ನಿಂತಲ್ಲೇ ಚಂಗನೆ ಮೇಲಕ್ಕೆ ನೆಗೆಯಿತು.

"ಅಜ್ಜೀ, ನೋಡೇ! ಹಾರ್ತು!"

ಎಂಥ ಕೂಗು! ಹಿಂಡಿಗೆ ಹಿಂಡೇ ಗಾಳಿಗೆದ್ದಿತು. ಇಳಿಬಿಸಿಲಲ್ಲಿ ಒಂದರ ಮೇಲೊಂದು ನೆಗೆತ, ಬಿಳಿ ಹೊಟ್ಟೆಗಳು ಮಿಂಚಿ ಮಿಂಚಿ ಹುಲ್ಲಿನಾಚೆ ಮರೆಯಾದವು. ಅನುಷಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅಜ್ಜಿಯ ಕಡೆ ನೋಡಿದಳು.

"ಅವ್ವ, ನಿನ್ನಾಸ್ತಿ ಯಾರಿಗೆ ಬಂತು, ಗೊತ್ತಾಯ್ತ?" ಎಂದ ರಂಗಸ್ವಾಮಿ.

"ನಾನ್ ಕೂಗ್ಲಿಲ್ಲ ಅಜ್ಜಿ, ಅದೇ ಬಂದ್ಬುಡ್ತು," ಅಂದಳು ಅನುಷಾ.

ಸರಸಮ್ಮ ಬಾಯೊಳಗಿನ ಸೆರಗು ತೆಗೆದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂದಿತ್ತು. ಸೆರಗಿನ ಒದ್ದೆಯಾಗದ ಇನ್ನೊಂದು ತುದಿಯನ್ನು ಹುಡುಕಿ ಮೊಮ್ಮಗಳ ಕೈಗಿಟ್ಟಳು.

"ತಗಳವ್ವ. ಮುಂದಿನ ಸಲ ಈ ತುದಿ ನಿಂಗೆ, ಆ ತುದಿ ನಂಗೆ. ಈಗ ಆ ಕೋಡುಬಳೆ ತಿನ್ನು."