ಮತಗಟ್ಟೆಯ ಬಲ್ಬು

ನಾರಾವಿಯಿಂದ ಒಳಗೆ ಹೋಗುವ ರಸ್ತೆಯ ಆ ಸರಕಾರಿ ಶಾಲೆಯಲ್ಲಿ ಹನ್ನೊಂದು ಮಕ್ಕಳಿದ್ದರು, ಟೀಚರೆಂದು ನಾನೊಬ್ಬಳೇ ಇದ್ದೆ. ಇನ್ನೊಬ್ಬ ಟೀಚರನ್ನು ಕೊಡದಿದ್ದರೆ ಶಾಲೆ ಮುಚ್ಚುವುದು ಖಂಡಿತ ಎಂದು ಊರಿಗೆಲ್ಲ ಗೊತ್ತಿತ್ತು. ಅಂಥ ಹೊತ್ತಿನಲ್ಲಿ ಪಂಚಾಯತು ಮನೆ ತೆರಿಗೆ ಏರಿಸಿತು. ಗಾಯದ ಮೇಲೆ ಬರೆ ಎಳೆದ ಹಾಗೆ, ರಶೀದಿಯಲ್ಲಿ ಶಿಕ್ಷಣ ಕರ ಎಂಬ ಸಾಲು ಬೇರೆ.

ವಿಧಾನಸಭೆಯ ಚುನಾವಣೆ ಬಂತು. ಒಂದು ಪಕ್ಷದ ಜೀಪು ತೆರಿಗೆ ಇಳಿಸುತ್ತೇವೆ ಎಂದು ಕೂಗಿತು. ಹಿಂದಿನಿಂದ ಬಂದ ಇನ್ನೊಂದು, ಹಾಗಾದರೆ ಶಾಲೆಗೆ ಅನುದಾನ ಎಲ್ಲಿಂದ ತರುತ್ತೀರಿ ಎಂದು ಕೇಳಿತು. ಎರಡೂ ನಮ್ಮ ಗೇಟಿನ ಎದುರೇ ತಿರುಗಿಸಿಕೊಂಡು ಹೋದವು. ಮಕ್ಕಳೆಷ್ಟು ಎಂದು ಯಾರೂ ಒಳಗೆ ಬಂದು ವಿಚಾರಿಸಲಿಲ್ಲ. ಊರವರು ಅದೇ ಗೇಟಿಗೆ ಬ್ಯಾನರು ಕಟ್ಟಿದರು: ಟೀಚರ್ ಕೊಡುವವರೆಗೆ ಮತದಾನ ಬಹಿಷ್ಕಾರ. ಕಟ್ಟುವಾಗ ಮುಂದೆ ನಿಂತದ್ದು ಬಿಸಿಯೂಟದ ಅಡುಗೆಯ ಅಕ್ಕ. ಅವರ ಮೊಮ್ಮಗಳು ಎರಡನೆಯ ಕ್ಲಾಸಿನಲ್ಲಿದ್ದಳು.

ಮತದಾರರ ಪಟ್ಟಿಯ ಕೆಲಸವೂ ನನ್ನ ತಲೆಗೇ ಕಟ್ಟಿದ್ದರಿಂದ, ಬ್ಯಾನರು ಇಳಿಸುವ ಜವಾಬ್ದಾರಿ ನನ್ನದೇ ಎಂದು ತಾಲೂಕಿನಿಂದ ಫೋನು ಬಂತು. ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದು ಕೂತಿದ್ದಾಗಲೇ ಶಾಲೆಗೆ ಕೆಲಸದವರು ಬಂದರು. ವರ್ಷಗಟ್ಟಲೆ ಅರ್ಜಿ ಬರೆದು ನನ್ನ ಕೈ ಸೋತಿತ್ತು. ಈಗ ನಾಲ್ಕೇ ದಿನದಲ್ಲಿ ವಯರಿಂಗ್ ಆಯಿತು, ಹೊಸ ಬಲ್ಬು ಉರಿಯಿತು, ನಳ್ಳಿಯಲ್ಲಿ ನೀರು ಬಂತು, ಮೆಟ್ಟಿಲ ಪಕ್ಕ ಗಾಲಿಕುರ್ಚಿ ಹತ್ತುವಂತೆ ಇಳಿಜಾರು ಕಟ್ಟಿದರು. ನನಗೆ ಖುಷಿಯಲ್ಲಿ ಕಣ್ಣೀರೇ ಬಂತು. ಊರವರನ್ನು ಜಗಲಿಗೆ ಕರೆದೆ.

“ನೋಡಿ, ಶಾಲೆಯ ಕೆಲಸ ಸುರುವಾಗಿದೆ. ಮುಚ್ಚುವ ಶಾಲೆಗೆ ಯಾರಾದರೂ ಇಷ್ಟು ಮಾಡ್ತಾರಾ? ಬ್ಯಾನರು ತೆಗೆಯುವ.”

ಅಡುಗೆಯ ಅಕ್ಕ ಬಲ್ಬನ್ನು ನೋಡಿದರು. “ಸರಕಾರದವರ ಮೇಲೆ ನಮಗೆ ನಂಬಿಕೆ ಇಲ್ಲ ಟೀಚರ್. ನೀವು ಹೇಳ್ತೀರಿ ಅಂತ ತೆಗಿತೇವೆ” ಎಂದು ಗೇಟಿಗೆ ಹೋಗಿ ಬ್ಯಾನರಿನ ಗಂಟನ್ನು ಅವರೇ ಬಿಚ್ಚಿದರು.

ನಮ್ಮ ಶಾಲೆಯೇ ಮತಗಟ್ಟೆ, ಊರೆಲ್ಲ ಅಲ್ಲಿ ಓಟು ಹಾಕಿತು. ಮರುವರ್ಷ ಮಕ್ಕಳನ್ನು ಪಕ್ಕದೂರಿನ ಶಾಲೆಗೆ ಸೇರಿಸಿ, ನಮ್ಮ ಶಾಲೆಗೆ ಬೀಗ ಹಾಕಿದರು. ಬಲ್ಬು, ನೀರು, ಇಳಿಜಾರು ಎಲ್ಲ ಬಂದದ್ದು ಮತಗಟ್ಟೆಗೆ. ಶಾಲೆಗೆಂದು ತಿಳಿದು ನಾನು ಮಂಗ ಆದೆ, ಊರನ್ನೂ ಮಂಗ ಮಾಡಿದೆ. ನನಗೆ ಬೇರೆ ಶಾಲೆ ಸಿಕ್ಕಿತು. ಅಡುಗೆಯ ಅಕ್ಕನಿಗೆ ಕೆಲಸ ಹೋಯಿತು. ಮೊಮ್ಮಗಳು ಅಷ್ಟು ದೂರ ನಡೆಯಲಾಗದೆ ವಾರದಲ್ಲಿ ಎರಡು ದಿನ ಮನೆಯಲ್ಲೇ ಉಳಿಯುತ್ತಾಳೆಂದು ಆಮೇಲೆ ಕೇಳಿದೆ.

ಮುಂದಿನ ಚುನಾವಣೆಗೆ ಬೀಗ ತೆಗೆದರು. ಆ ಊರಿನ ಪಟ್ಟಿಯ ಕೆಲಸ ಇನ್ನೂ ನನ್ನ ತಲೆಯ ಮೇಲೇ ಇದ್ದುದರಿಂದ, ಮತದಾರರ ಚೀಟಿ ಕೊಡಲು ಅದೇ ಜಗಲಿಯಲ್ಲಿ ನನ್ನನ್ನೇ ಕೂರಿಸಿದರು. ಒಳಗೆ ಬಲ್ಬು ಉರಿಯುತ್ತಿತ್ತು. ಅಡುಗೆಯ ಅಕ್ಕ ಬಂದರು. ಗುರುತಿನ ಚೀಟಿ ಹುಡುಕುವಾಗ ಪರ್ಸಿನಿಂದ ಮನೆ ತೆರಿಗೆಯ ರಶೀದಿಯೂ ಹೊರಗೆ ಬಂತು. ಅದನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟು, ಶಿಕ್ಷಣ ಕರದ ಸಾಲಿನ ಮೇಲೆ ಬೆರಳಿಟ್ಟರು.

“ಇದು ಈಗ ಯಾವ ಶಾಲೆಗೆ ಟೀಚರ್?”

ಸಿಟ್ಟಿನಲ್ಲಿ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಟೀಚರಿಗೆ ಗೊತ್ತಿರುತ್ತದೆ ಎಂದು ನಂಬಿಯೇ ಅವರು ಕೇಳಿದ್ದು. ನಾನು ಅವರ ಹೆಸರು ಹುಡುಕುವವಳ ಹಾಗೆ ಪಟ್ಟಿಗೆ ತಲೆ ತಗ್ಗಿಸಿದೆ.