ಬಿಚ್ಚದೆ ಬಿಟ್ಟ ಕೆಂಪು ಬಟ್ಟೆ

ಹಳೆಯ ಉಗಿಬಂಡಿ, ಯುದ್ಧವಿಮಾನಗಳ ಚಿತ್ರ ಬರೆಯುವುದು ನನ್ನ ಕಸುಬು. ಪಾಲಬಾವಿಯ ಅಜ್ಜನೊಬ್ಬರು ಈಗ ನಾಲ್ಕು ಎಮ್ಮೆ ಕಟ್ಟಿಕೊಂಡಿದ್ದಾರೆ. ಹಿಂದೆ ವಾಯುಪಡೆಯಲ್ಲಿ ಮೆಕ್ಯಾನಿಕ್. ತಾವು ಸಜ್ಜು ಮಾಡುತ್ತಿದ್ದ ವಿಮಾನದ ಚಿತ್ರ ಬೇಕೆಂದಿದ್ದರು. ನಿಲ್ಲಿಸಿಟ್ಟ ವಿಮಾನದ ಫೋಟೊ ನೋಡಿ ಬರೆದು, ಒಳಗೆ ಪೈಲಟ್‌ನನ್ನು ಕೂರಿಸಿ, ಹಾರುತ್ತಿರುವಂತೆ ಸುತ್ತ ಆಕಾಶ ಬರೆದೆ. ಮೂತಿಯ ಸಣ್ಣ ಕೊಳವೆಗೆ ಧೂಳು ಹೋಗದಂತೆ ತೊಡಿಸಿದ್ದ ಕೆಂಪು ಬಟ್ಟೆ ಚೆಂದ ಕಂಡಿತೆಂದು ಅದನ್ನೂ ಬಿಡಲಿಲ್ಲ.

ಚಿತ್ರ ನೋಡಿದ್ದೇ ಅಜ್ಜನ ಮುಖ ಬಿಳಿಚಿತು.

"ಬಟ್ಟಿ ಯಾಕ ಬಿಚ್ಚಿಲ್ರಿ? ಕೊಳವಿಗಿ ಗಾಳಿ ಹೋಗಂಗಿಲ್ಲ, ಎಷ್ಟ ಜೋರ ಹೊಂಟೇನಿ ಅಂತ ಪೈಲಟ್‌ಗ ತಿಳಿಯಂಗಿಲ್ಲ. ಬೀಳ್ತಾನ್ರಿ ಅಂವ!"

"ಅಜ್ಜಾರ, ಇದು ಬರೇ ಚಿತ್ರರಿ."

"ಮ್ಯಾಲ ಹೋಗ್ಯಾನಲ್ರೀ! ಲಗೂನ ತೆಗೀರಿ!"

ಅವರು ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದರು. ತಡ ಮಾಡಿದರೆ ನಿಜಕ್ಕೂ ಯಾರೋ ಸತ್ತಾರು ಎನ್ನಿಸಿ, ಇನ್ನೂ ಹಸಿಯಿದ್ದ ಕೆಂಪು ಬಣ್ಣವನ್ನು ಚಿಂದಿಯಿಂದ ಗಸಗಸ ಒರೆಸಿದೆ.

ಅಜ್ಜ ಕೆಂಪಾಗಿದ್ದ ಆ ಚಿಂದಿ ಕಸಿದುಕೊಂಡು, ಚಿತ್ರದೊಳಗಿನ ಪೈಲಟ್‌ಗೆ ಕಾಣುವಂತೆ ಎತ್ತಿ ಹಿಡಿದರು. ಬಿಚ್ಚಿದ ಬಟ್ಟೆಯನ್ನು ಹಾಗೆ ಪೈಲಟ್‌ಗೆ ತೋರಿಸಿಯೇ ವಿಮಾನ ಕಳಿಸುವುದು ಪದ್ಧತಿಯಂತೆ. ಆಮೇಲೆಯೇ ಅವರು ಉಸಿರು ಬಿಟ್ಟದ್ದು.

ಮೊನ್ನೆ ಒಂದು ಉಗಿಬಂಡಿಯ ಚಿತ್ರ ಬರೆಯಲು ಕೂತೆ. ನೀರಿಲ್ಲದೆ ಉರಿಸಿದರೆ ಬಾಯ್ಲರು ಸಿಡಿದೀತೆಂದು, ಅದರ ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆಯಲ್ಲಿ ಮೊದಲು ನೀರು ಬರೆದೆ. ಬೆಂಕಿ ಹಚ್ಚಿದ್ದು ಆಮೇಲೆ.